ನೂಲಿನ ಖಾತೆ, ಮಗ್ಗದ ಖಾತೆ: ಗಿರಣಿ ಕಾರ್ಮಿಕ ಸಂಘಟನೆಯ ಒಳಗೋಡೆಗಳು

ಕಾಯಕವನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರವಣಿಗೆಯನ್ನು ಒಟ್ಟಾಗಿ ನೋಡಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಹನ್ನೆರಡನೆಯ ಶತಮಾನದ ಶರಣರ ದುಡಿಮೆಯ ಕಲ್ಪನೆಯನ್ನು ವಿವರಿಸಲು ತೊಡಗಿದ ಲೇಖನವು ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಇಂದಿನ ಕಾರ್ಮಿಕನ ಹಕ್ಕಿಗೂ ಸಂಘಟನೆಗೂ ಆ ಕಲ್ಪನೆಯೇ ಮೂಲವೆಂಬಂತೆ ಮಾತನಾಡತೊಡಗುತ್ತದೆ. ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ಈ ಜೋಡಣೆ ಸಲೀಸಾಗಿ ಒಪ್ಪಿಗೆಯಾಗುವುದಿಲ್ಲ. ಹಗ್ಗ ಹೊಸೆಯುವ ನುಲಿಯ ಚಂದಯ್ಯನಿಗೆ, ಅಕ್ಕಿ ಆಯುವ ಮಾರಯ್ಯ-ಲಕ್ಕಮ್ಮರಿಗೆ, ಅವರಿಗಿಂತ ಹಿಂದಿನವನೂ ನೇಕಾರನೂ ಆದ ಜೇಡರ ದಾಸಿಮಯ್ಯನಿಗೆ ದುಡಿಮೆ ಇತ್ತು, ದುಡಿಮೆಯ ನೀತಿಯೂ ಇತ್ತು. ಇರದೆ ಇದ್ದದ್ದು ಗಿರಣಿಯ ಧಣಿ. ತನ್ನ ಮಗ್ಗ ತನ್ನದೇ ಆಗಿರುವವನು ಯಾರ ವಿರುದ್ಧ ಸಂಘ ಕಟ್ಟಬೇಕು? ಇನ್ನು ಶಾಸನಗಳಲ್ಲಿ ವಿಜೃಂಭಿಸುವ ಅಯ್ಯಾವೊಳೆ ಐನೂರ್ವರಂಥ ಸಂಘಗಳು ವರ್ತಕರವು. ಅವುಗಳನ್ನು ಕಾರ್ಮಿಕ ಸಂಘದ ಪೂರ್ವಜರೆನ್ನುವುದು ಅಂಗಡಿಯ ಮಾಲೀಕನನ್ನೇ ಆಳಿನ ಪ್ರತಿನಿಧಿಯೆಂದಂತಾಗುತ್ತದೆ.

ಹಾಗಾದರೆ ಹಳೆಯ ಸಮಾಜದಿಂದ ಗಿರಣಿಯ ಒಳಗೆ ಬಂದದ್ದು ಏನೂ ಇಲ್ಲವೆ? ಬಂದದ್ದು ಇದೆ. ಅದು ಕಾಯಕದ ಸಮಾನತೆಯಲ್ಲ. ಯಾರು ಎಲ್ಲಿ ಕೂರಬೇಕು, ಯಾರು ಏನನ್ನು ಮುಟ್ಟಬಾರದು ಎಂಬ ವ್ಯವಸ್ಥೆ. ಭಾರತದ ಕಾರ್ಮಿಕ ಸಂಘಟನೆಯ ಚರಿತ್ರೆಯನ್ನು ಧಣಿ ಮತ್ತು ದುಡಿಯುವವನ ನಡುವಣ ಸಂಘರ್ಷವಾಗಿ ಮಾತ್ರ ಬರೆದರೆ ಅದರ ಸೋಲುಗಳಲ್ಲಿ ಅರ್ಧಕ್ಕೆ ಕಾರಣ ಸಿಕ್ಕುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಇದನ್ನು ಮದರಾಸು ಮತ್ತು ಮುಂಬಯಿಯ ಹತ್ತಿ ಗಿರಣಿಗಳ ನಿದರ್ಶನದಿಂದ ಪರಿಶೀಲಿಸಬಹುದು. ಈ ಎರಡು ನಗರಗಳನ್ನು ಆರಿಸಿಕೊಂಡದ್ದಕ್ಕೆ ಅಲ್ಲಿ ಕನ್ನಡಿಗರು ನೆಲೆಸಿದ್ದಾರೆ ಎಂಬುದಷ್ಟೇ ಕಾರಣವಲ್ಲ. ಸಂಘ ಕಟ್ಟುವ ಹಕ್ಕಿನ ಕಾನೂನು ಹುಟ್ಟಲು ನೆಪವಾದದ್ದು ಮದರಾಸು. ಆ ಹಕ್ಕು ಗಿರಣಿಯ ಒಳಗಿನ ಯಾವ ಬಾಗಿಲಿನ ಮುಂದೆ ನಿಂತುಬಿಟ್ಟಿತೆಂಬುದನ್ನು ತೋರಿಸಿದ್ದು ಮುಂಬಯಿ.

ಮದರಾಸಿನ ಪೆರಂಬೂರು ಭಾಗದಲ್ಲಿದ್ದ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳು ಬಿನ್ನಿ ಕಂಪನಿಯ ಆಡಳಿತಕ್ಕೆ ಸೇರಿದ್ದವು. ಬೆಂಗಳೂರಿನವರು ಬಿನ್ನಿ ಮಿಲ್ಲು ಎಂದು ಕರೆಯುತ್ತಿದ್ದ ಗಿರಣಿಯೂ ಇದೇ ಕಂಪನಿಯದು. (ಮದರಾಸಿನ ಗಿರಣಿಯ ಹೆಸರಿನಲ್ಲಿರುವ ‘ಕರ್ನಾಟಿಕ್’ ನಮ್ಮ ಕರ್ನಾಟಕವಲ್ಲ. ಆರ್ಕಾಟಿನ ನವಾಬರ ಸೀಮೆಗೆ ಇಂಗ್ಲಿಷರು ಅಂಟಿಸಿದ ಹೆಸರು ಅದು. ಒಂದು ನಾಡಿನ ಹೆಸರು ಬೇರೊಂದು ನಾಡಿನ ಗಿರಣಿಯ ಬಾಗಿಲಲ್ಲಿ ನೂರು ವರ್ಷ ತೂಗಾಡಿದ ವಿಚಿತ್ರ ಇದು.) ಮೊದಲ ಮಹಾಯುದ್ಧದ ಕಾಲದಲ್ಲಿ ಧಾನ್ಯದ ಬೆಲೆ ಏರಿತು, ಗಿರಣಿಗಳ ಲಾಭವೂ ಏರಿತು, ಕೂಲಿ ಮಾತ್ರ ಆ ವೇಗದಲ್ಲಿ ಏರಲಿಲ್ಲ. ಮಧ್ಯಾಹ್ನದ ಊಟದ ಬಿಡುವು ಕೈ ತೊಳೆದು ಉಂಡು ಬರಲು ಸಾಲದಷ್ಟಿತ್ತು. ಮೇಸ್ತ್ರಿಗಳ ಬೈಗುಳ, ಹೊಡೆತ, ದಂಡಗಳ ಬಗೆಗೆ ದೂರುಗಳಿದ್ದವು. 1918ರ ಏಪ್ರಿಲ್ 27ರಂದು ಮದರಾಸ್ ಲೇಬರ್ ಯೂನಿಯನ್ ಸ್ಥಾಪನೆಯಾಯಿತು. ಆನಿ ಬೆಸೆಂಟರ ಬಳಗದವರಾದ ಬಿ. ಪಿ. ವಾಡಿಯಾ ಅಧ್ಯಕ್ಷರಾದರು. ತಮಿಳಿನ ದೊಡ್ಡ ಲೇಖಕರಾದ ತಿರು. ವಿ. ಕಲ್ಯಾಣಸುಂದರಂ ಅವರೂ ಸಂಘದ ಮುಂದಾಳುಗಳಲ್ಲಿ ಒಬ್ಬರಾದರು.

ಭಾರತದಲ್ಲಿ ಕಾರ್ಮಿಕರ ಹೆಸರಿನಲ್ಲಿ ಹುಟ್ಟಿದ ಮೊದಲ ಸಂಸ್ಥೆ ಇದಲ್ಲ. ಮುಂಬಯಿಯಲ್ಲಿ ಜೋತಿಬಾ ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿಯೇ ಗಿರಣಿ ಕೆಲಸಗಾರರ ಸಭೆ ನಡೆಸಿ, ಸಾವಿರಾರು ಮಂದಿಯ ರುಜುವಿನೊಡನೆ ಮನವಿ ಸಿದ್ಧಪಡಿಸಿದ್ದರು. 1890ರಲ್ಲಿ ಮುಂಬಯಿಯ ಗಿರಣಿಗಳಿಗೆ ಭಾನುವಾರದ ರಜೆ ದೊರೆತದ್ದು ಅವರ ಪ್ರಯತ್ನದಿಂದ. ಆದರೆ ಲೋಖಂಡೆಯವರ ಸಂಸ್ಥೆಗೆ ಸದಸ್ಯರ ಪಟ್ಟಿಯಾಗಲಿ ನಿಧಿಯಾಗಲಿ ನಿಯಮಾವಳಿಯಾಗಲಿ ಇರಲಿಲ್ಲ. ಚಂದಾ ಕೊಟ್ಟು ಸದಸ್ಯನಾಗುವ ಕ್ರಮಬದ್ಧ ಸಂಘವಾಗಿ ಮದರಾಸಿನದೇ ಮೊದಲನೆಯದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ.

ಈ ಸಂಘದ ಹುಟ್ಟಿನಲ್ಲಿ ನಮ್ಮ ಕುತೂಹಲ ಕೆರಳಿಸುವ ಒಂದು ಅಂಶವಿದೆ. ವಾಡಿಯಾ ಅವರ ಬಳಿಗೆ ಕಾರ್ಮಿಕರ ಕಷ್ಟವನ್ನು ಕೊಂಡೊಯ್ದವರು ಜಿ. ಸೆಲ್ವಪತಿ ಚೆಟ್ಟಿಯಾರ್ ಮತ್ತು ಜಿ. ರಾಮಾನುಜುಲು ನಾಯ್ಡು ಎಂಬ ಇಬ್ಬರು ಸಣ್ಣ ವ್ಯಾಪಾರಿಗಳು. ಅವರು ಒಂದು ಧಾರ್ಮಿಕ ಸಭೆಯನ್ನು ನಡೆಸುತ್ತಿದ್ದರು. ಗಿರಣಿಯ ಕೆಲಸಗಾರರು ಅಲ್ಲಿಗೆ ಪ್ರವಚನ ಕೇಳಲು ಬರುತ್ತಿದ್ದರು. ಕೇಳಲು ಬಂದವರು ಹೇಳಿಕೊಳ್ಳತೊಡಗಿದರು, ಸಭೆ ಸಂಘವಾಯಿತು. ಭಕ್ತಿಯ ಕೂಟವೊಂದು ಲೌಕಿಕದ ಕೂಟವಾಗಿ ಮಾರ್ಪಡುವ ಈ ಕ್ರಮ ಮಧ್ಯಕಾಲೀನ ಸಾಹಿತ್ಯ ಓದಿದವರಿಗೆ ಹೊಸದೇನಲ್ಲ. ಆದರೆ ಪ್ರವಚನದ ಚಪ್ಪರಕ್ಕೆ ಎಲ್ಲರೂ ಬರುವುದಿಲ್ಲ, ಬಂದವರೆಲ್ಲ ಒಂದೇ ಚಾಪೆಯ ಮೇಲೆ ಕೂರುವುದೂ ಇಲ್ಲ ಎಂಬುದನ್ನು ನಾವು ಮರೆಯಬಾರದು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

1920ರ ಕೊನೆಯ ತಿಂಗಳುಗಳಲ್ಲಿ ಗಿರಣಿಯಲ್ಲಿ ಬೀಗಮುದ್ರೆಯಾಯಿತು. ಬಿನ್ನಿ ಕಂಪನಿಯು ವಾಡಿಯಾ ಮತ್ತಿತರ ಮುಂದಾಳುಗಳ ಮೇಲೆ ಮದರಾಸು ಹೈಕೋರ್ಟಿನಲ್ಲಿ ದಾವೆ ಹೂಡಿತು. ಕಾರ್ಮಿಕರು ಕೆಲಸದ ಕರಾರು ಮುರಿಯುವಂತೆ ಇವರು ಪ್ರೇರೇಪಿಸಿದ್ದಾರೆ, ಆದ್ದರಿಂದ ಕಂಪನಿಗಾದ ನಷ್ಟವನ್ನು ಇವರೇ ತುಂಬಿಕೊಡಬೇಕು ಎಂಬುದು ವಾದ. ನ್ಯಾಯಾಲಯ ತಡೆಯಾಜ್ಞೆ ನೀಡಿತು. ಇಂಗ್ಲೆಂಡಿನಲ್ಲಿ ಇಂಥ ದಾವೆಗೆ 1906ರ ಕಾಯಿದೆಯೇ ತಡೆಯೊಡ್ಡಿತ್ತು. ಅಲ್ಲಿನ ಸಂಘದ ಮುಂದಾಳುವಿಗಿದ್ದ ರಕ್ಷಣೆ ಅದೇ ದೊರೆತನದ ಅಡಿಯಲ್ಲಿದ್ದ ಮದರಾಸಿನ ಮುಂದಾಳುವಿಗೆ ಇರಲಿಲ್ಲ. ಇದಕ್ಕಿಂತ ವಿಷಾದದ ಸಂಗತಿಯೆಂದರೆ, ಮುಂಗಡ ಪಡೆದ ಕೆಲಸಗಾರನು ಕರಾರು ಮುರಿದರೆ ಅದನ್ನು ಶಿಕ್ಷಾರ್ಹ ಮಾಡಿದ್ದ 1859ರ ಕಾಯಿದೆ ಆಗಿನ್ನೂ ಜೀವಂತವಾಗಿತ್ತು. ವಾಡಿಯಾ ಸಂಘದಿಂದ ದೂರ ಸರಿಯಬೇಕೆಂಬ ಷರತ್ತಿನೊಡನೆ ದಾವೆ ರಾಜಿಯಲ್ಲಿ ಮುಗಿಯಿತು. ಅವರು ಸರಿದರು.

ಇಲ್ಲಿ ‘ಮುಷ್ಕರ’ ಎಂಬ ಪದವನ್ನು ಕುರಿತು ಒಂದು ಮಾತು. ಹಿಂದಿಯ ‘ಹರತಾಳ’ದಲ್ಲಿ ಅಂಗಡಿಗೆ ಬೀಗ ಹಾಕುವ ವರ್ತಕನ ಪ್ರತಿಭಟನೆಯ ನೆನಪಿದೆ. ತಮಿಳಿನ ‘ವೇಲೈ ನಿರುತ್ತಂ’ ಕೆಲಸದ ನಿಲುಗಡೆಯೆಂದು ಇದ್ದುದನ್ನು ಇದ್ದಂತೆ ಹೇಳುತ್ತದೆ. ಕನ್ನಡದ ‘ಮುಷ್ಕರ’ಕ್ಕಾದರೋ ಹಟ, ಮೊಂಡುತನ ಎಂಬುದೇ ಹಳೆಯ ಅರ್ಥ. ಕೆಲಸ ನಿಲ್ಲಿಸಿದವನನ್ನು ಧಣಿಯ ಜಗಲಿಯಿಂದ ನೋಡಿ ಇಟ್ಟ ಹೆಸರಿದು. ಕಾರ್ಮಿಕರು ಅದನ್ನೇ ಎತ್ತಿಕೊಂಡು ತಮ್ಮ ಬಾವುಟದ ಮೇಲೆ ಬರೆದುಕೊಂಡರು. ಬೈಗುಳವನ್ನು ಬಿರುದಾಗಿಸಿಕೊಂಡ ಉದಾಹರಣೆಗಳು ನಮ್ಮ ಭಾಷೆಯಲ್ಲಿ ಬೇರೆಯೂ ಇವೆ.

ಮದರಾಸಿನ ಈ ಪ್ರಕರಣವು ನ್ಯಾಯಾಲಯದ ಕಡತದಲ್ಲಿ ಉಳಿಯಲಿಲ್ಲ. 1921ರಲ್ಲಿ ಎನ್. ಎಂ. ಜೋಶಿಯವರು ಕಾರ್ಮಿಕ ಸಂಘಗಳಿಗೆ ಕಾನೂನಿನ ರಕ್ಷಣೆ ಬೇಕೆಂಬ ಗೊತ್ತುವಳಿಯನ್ನು ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದರು. ಐದು ವರ್ಷಗಳ ತರುವಾಯ 1926ರ ಕಾರ್ಮಿಕ ಸಂಘಗಳ ಕಾಯಿದೆ ಅಂಗೀಕಾರವಾಗಿ 1927ರ ಜೂನ್‌ನಿಂದ ಜಾರಿಗೆ ಬಂತು. ಏಳು ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ನೋಂದಾಯಿತ ಸಂಘದ ಕಾನೂನುಬದ್ಧ ಚಟುವಟಿಕೆಯನ್ನು ಒಳಸಂಚೆಂದು ಕರೆಯುವಂತಿಲ್ಲ. ಕರಾರು ಮುರಿಸಿದರೆಂಬ ಕಾರಣಕ್ಕೆ ಸಿವಿಲ್ ದಾವೆ ಹೂಡುವಂತಿಲ್ಲ. ವಾಡಿಯಾ ಅವರ ಕೈ ಕಟ್ಟಿದ್ದ ಹಗ್ಗವನ್ನು ಈ ಕಾಯಿದೆ ಕತ್ತರಿಸಿತು. ಆದರೆ ನೋಂದಣಿಯಾದ ಸಂಘವನ್ನು ಧಣಿಯು ಮಾನ್ಯ ಮಾಡಿ ಮಾತುಕತೆಗೆ ಕೂರಲೇಬೇಕು ಎಂಬ ಕಟ್ಟುಪಾಡು ಅದರಲ್ಲಿ ಇರಲಿಲ್ಲ. 1947ರ ತಿದ್ದುಪಡಿ ಅಂಥ ಕಟ್ಟುಪಾಡನ್ನು ಸೇರಿಸಿತಾದರೂ ಆ ತಿದ್ದುಪಡಿಯನ್ನು ಜಾರಿಗೊಳಿಸಲೇ ಇಲ್ಲ.

ಕಾಯಿದೆಯ ಕಥೆಯನ್ನು ಇಲ್ಲಿಗೆ ನಿಲ್ಲಿಸುವುದು ಪಠ್ಯಪುಸ್ತಕಗಳ ವಾಡಿಕೆ. ಆದರೆ ಜೋಶಿಯವರ ಗೊತ್ತುವಳಿ ಬಂದ ವರ್ಷವೇ ಮದರಾಸಿನಲ್ಲಿ ಇನ್ನೊಂದು ಕಥೆ ನಡೆಯಿತು. 1921ರ ಜೂನ್‌ನಲ್ಲಿ ಆರಂಭವಾದ ಮುಷ್ಕರ ಅಕ್ಟೋಬರ್‌ವರೆಗೆ ಎಳೆಯಿತು. ಹಿಂದಿನ ವರ್ಷದ ಬೀಗಮುದ್ರೆಯಲ್ಲೇ ಪಾತ್ರೆ-ಪಗಡೆ ಅಡವಿಟ್ಟಿದ್ದವರಿಗೆ ಮತ್ತೊಮ್ಮೆ ತಿಂಗಳುಗಟ್ಟಲೆ ಕೂಲಿಯಿಲ್ಲದೆ ಕೂರುವುದು ಸುಲಭವಿರಲಿಲ್ಲ. ಆದಿದ್ರಾವಿಡ ಕಾರ್ಮಿಕರಲ್ಲಿ ಬಹುಮಂದಿ ಮುಷ್ಕರದಿಂದ ಹೊರಗುಳಿದು ಕೆಲಸಕ್ಕೆ ಹೋದರು; ಸವರ್ಣೀಯ ಕಾರ್ಮಿಕರು ಮುಷ್ಕರದಲ್ಲಿ ಉಳಿದರು. ಪುಳಿಯಾಂತೋಪಿನ ಕೇರಿಗಳಲ್ಲಿ ಘರ್ಷಣೆ ನಡೆಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು, ಪೊಲೀಸರು ಗುಂಡು ಹಾರಿಸಿದರು, ಜೀವಗಳು ಹೋದವು. ಆದಿದ್ರಾವಿಡರ ಪರವಾಗಿ ಎಂ. ಸಿ. ರಾಜಾ ನಿಂತರು, ಜಸ್ಟಿಸ್ ಪಕ್ಷದ ಮುಂದಾಳುಗಳಿಗೂ ಅವರಿಗೂ ನಡುವೆ ಬಿದ್ದ ಬಿರುಕು ಮುಂದೆ ಕೂಡಲಿಲ್ಲ. ಮುಷ್ಕರ ಸೋತಿತು.

ಮುಷ್ಕರ ಮುರಿದವರೆಂದು ಆದಿದ್ರಾವಿಡರನ್ನು ದೂರುವ ಬರವಣಿಗೆ ಸಾಕಷ್ಟಿದೆ. ಧಣಿಗಳೂ ಸರಕಾರದ ಅಧಿಕಾರಿಗಳೂ ಒಡಕನ್ನು ಬಳಸಿಕೊಂಡರೆಂಬ ವಿವರಣೆಯೂ ಇದೆ, ಅದರಲ್ಲಿ ಸತ್ಯವೂ ಇದೆ. ಆದರೆ ಬಳಸಿಕೊಳ್ಳಲು ಒಡಕು ಮೊದಲೇ ಇರಬೇಕಲ್ಲ! ನಮ್ಮ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಬೇರೆ. ದಿನವಿಡೀ ಒಂದೇ ಸೂರಿನಡಿ ದುಡಿದು ಸಂಜೆ ಬೇರೆಬೇರೆ ಕೇರಿಗೆ, ಬೇರೆಬೇರೆ ಬಾವಿಗೆ ಹೋಗುವ ಜನಕ್ಕೆ ‘ನಾವು’ ಎನ್ನುವ ಸರ್ವನಾಮ ಎಲ್ಲಿಂದ ಬರಬೇಕು? ಪ್ರವಚನದ ಚಪ್ಪರದಲ್ಲಿ ಹುಟ್ಟಿದ ಸಂಘವು ಆ ಚಪ್ಪರದ ಹೊರಗೆ ನಿಂತವನಿಂದಲೂ ಚಂದಾ ಕೇಳಿತು, ತ್ಯಾಗವನ್ನೂ ಕೇಳಿತು. ಚಪ್ಪರವನ್ನು ಅವನತ್ತ ಚಾಚುವ ಕೆಲಸ ಆಗುವ ಮೊದಲೇ ಎರಡನೆಯ ಮುಷ್ಕರ ಬಂದುಬಿಟ್ಟಿತು.

ಮದರಾಸಿನಲ್ಲಿ ಗೋಡೆ ಕೇರಿಗಳ ನಡುವೆ ಕಂಡರೆ ಮುಂಬಯಿಯಲ್ಲಿ ಅದು ಗಿರಣಿಯ ಒಳಗೇ ಇತ್ತು. ಹತ್ತಿ ಗಿರಣಿಯಲ್ಲಿ ನೂಲುವ ಖಾತೆ ಬೇರೆ, ಮಗ್ಗದ ಖಾತೆ ಬೇರೆ. ಮಗ್ಗದ ಖಾತೆಯಲ್ಲಿ ಕೂಲಿ ಹೆಚ್ಚು. ದಲಿತ ಕಾರ್ಮಿಕರಿಗೆ ನೂಲುವ ಖಾತೆಯಲ್ಲಿ ಕೆಲಸ ದೊರೆಯುತ್ತಿತ್ತು. ಮಗ್ಗದ ಖಾತೆಯೊಳಗೆ ಪ್ರವೇಶವಿರಲಿಲ್ಲ. ಇದಕ್ಕೆ ಕೊಡುತ್ತಿದ್ದ ಕಾರಣ ಲಾಳಿ. ಲಾಳಿಯೊಳಗಿನ ಕಂಡಿಕೆಯಲ್ಲಿ ನೂಲು ಮುಗಿದಾಗ ನೇಕಾರನು ಹೊಸ ಕಂಡಿಕೆಯನ್ನಿಟ್ಟು, ಲಾಳಿಯ ಕಣ್ಣಿಗೆ ಬಾಯಿಟ್ಟು ಉಸಿರೆಳೆದು ಹೊಕ್ಕಿನ ಎಳೆಯನ್ನು ಹೊರಕ್ಕೆ ತರುತ್ತಿದ್ದ. ಒಂದು ಲಾಳಿಗೆ ಇಂದು ಒಬ್ಬನ ಬಾಯಿ, ನಾಳೆ ಬದಲಿಯಾಗಿ ಬಂದ ಇನ್ನೊಬ್ಬನ ಬಾಯಿ. ಎಂಜಲಿನ ಮಡಿ ಇಲ್ಲಿ ಅಡ್ಡ ಬಂತು. ಇದೇ ಪದ್ಧತಿ ಲ್ಯಾಂಕಾಷೈರಿನಲ್ಲೂ ಇತ್ತು. ಅಲ್ಲಿ ಅದು ರೋಗ ಹರಡುವ ಪ್ರಶ್ನೆಯಾಗಿ ಚರ್ಚೆಗೆ ಬಂತು. ಯಂತ್ರ ಒಂದೇ, ಎಳೆ ಎಳೆಯುವ ವಿಧಾನ ಒಂದೇ. ಒಂದು ದೇಶ ಅದರಲ್ಲಿ ಕ್ಷಯವನ್ನು ಕಂಡಿತು, ಇನ್ನೊಂದು ಮೈಲಿಗೆಯನ್ನು ಕಂಡಿತು. ಯಂತ್ರಗಳು ಬಂದರೆ ಜಾತಿ ತಾನಾಗಿ ಕರಗುತ್ತದೆಂದು ನಂಬಿದ್ದವರು ಲಾಳಿಯನ್ನು ಸರಿಯಾಗಿ ನೋಡಿರಲಿಲ್ಲ.

1928ರಲ್ಲಿ ಮುಂಬಯಿಯ ಗಿರಣಿಗಳಲ್ಲಿ ಬೃಹತ್ ಮುಷ್ಕರವಾಯಿತು. ಒಬ್ಬ ಕೆಲಸಗಾರನಿಂದ ಹೆಚ್ಚು ಯಂತ್ರಗಳನ್ನು ನೋಡಿಕೊಳ್ಳಿಸುವ ಹೊಸ ಯೋಜನೆಗಳ ವಿರುದ್ಧ ಸುಮಾರು ಒಂದೂವರೆ ಲಕ್ಷ ಕಾರ್ಮಿಕರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹೊರಗುಳಿದರು. ಕಮ್ಯುನಿಸ್ಟರ ಮುಂದಾಳುತನದ ಗಿರಣಿ ಕಾಮಗಾರ್ ಯೂನಿಯನ್ ಆ ವರ್ಷವೇ ಹುಟ್ಟಿ, ವರ್ಷಾಂತ್ಯಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಸದಸ್ಯರನ್ನು ಪಡೆದಿತ್ತು. ಮಗ್ಗದ ಖಾತೆಯ ಬಾಗಿಲನ್ನು ದಲಿತರಿಗೆ ತೆರೆಯಬೇಕೆಂಬುದೂ ಮುಷ್ಕರದ ಬೇಡಿಕೆಯಾಗಬೇಕೆಂದು ಡಾ. ಅಂಬೇಡ್ಕರರು ಒತ್ತಾಯಿಸಿದ್ದು ಈ ಸಂದರ್ಭದಲ್ಲಿ. ಮುಂದಾಳುಗಳಿಗೆ ಇದು ಇಕ್ಕಟ್ಟಿನ ಸಂಗತಿಯಾಯಿತು. ಸವರ್ಣೀಯ ನೇಕಾರರೇ ಮುಷ್ಕರದ ಬೆನ್ನೆಲುಬು. ಅವರನ್ನು ಎದುರು ಹಾಕಿಕೊಂಡು ಒಗ್ಗಟ್ಟು ಉಳಿಸುವುದು ಹೇಗೆ? ವರ್ಗಹೋರಾಟ ಗೆದ್ದ ಮೇಲೆ ಜಾತಿ ತಾನಾಗಿ ಹೋದೀತು ಎಂಬ ಉತ್ತರ ಸಿದ್ಧವಾಗಿಯೇ ಇತ್ತು. ಆ ಉತ್ತರ ಕೇಳಿಸಿಕೊಂಡವರು 1929ರ ಮುಷ್ಕರದಲ್ಲಿ ತಮ್ಮ ಉತ್ತರ ಕೊಟ್ಟರು. ಅಂಬೇಡ್ಕರರು ಆ ಮುಷ್ಕರವನ್ನು ವಿರೋಧಿಸಿದರು.

ಇದರಿಂದ ಅಂಬೇಡ್ಕರರು ಕಾರ್ಮಿಕ ಚಳವಳಿಗೆ ವಿರೋಧಿಗಳಾಗಿದ್ದರೆಂದು ತೀರ್ಮಾನಿಸುವುದು ಅವಸರವಾದೀತು. 1936ರಲ್ಲಿ ಅವರು ಕಟ್ಟಿದ ಪಕ್ಷದ ಹೆಸರೇ ಸ್ವತಂತ್ರ ಮಜೂರ ಪಕ್ಷ. ಮುಷ್ಕರದ ಹಕ್ಕನ್ನು ಕುಗ್ಗಿಸುವ ಔದ್ಯೋಗಿಕ ವಿವಾದಗಳ ಮಸೂದೆಯನ್ನು ಮುಂಬಯಿ ಸರಕಾರ ತಂದಾಗ, 1938ರ ನವೆಂಬರ್ 7ರಂದು ಅವರು ಅದೇ ಕಮ್ಯುನಿಸ್ಟರ ಜೊತೆಗೂಡಿ ಒಂದು ದಿನದ ಮುಷ್ಕರ ನಡೆಸಿದರು. ಹತ್ತು ವರ್ಷಗಳ ಅಂತರದ ಈ ಎರಡು ನಿಲುವುಗಳು ಒಂದಕ್ಕೊಂದು ವಿರುದ್ಧವಲ್ಲ. ಕೆಲಸ ನಿಲ್ಲಿಸುವ ಹಕ್ಕು ಎಲ್ಲರಿಗೂ ಇರಬೇಕೆಂದವರೇ ಎಲ್ಲ ಕೆಲಸವನ್ನೂ ಮಾಡುವ ಹಕ್ಕು ಎಲ್ಲರಿಗೂ ಇರಬೇಕೆಂದರು.

ಅಹಮದಾಬಾದನ್ನು ಇಲ್ಲಿ ಕಿರಿದಾಗಿ ಮಾತ್ರ ನೆನೆಯಬಹುದು. 1918ರ ಮುಷ್ಕರದ ಬಳಿಕ ಗಾಂಧೀಜಿ, ಅನಸೂಯಾ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ 1920ರಲ್ಲಿ ರೂಪುಗೊಂಡ ಸಂಘವು ‘ಮಜೂರ್ ಮಹಾಜನ’ ಎಂಬ ಹೆಸರನ್ನು ತಳೆಯಿತು. ಗುಜರಾತಿನಲ್ಲಿ ಮಹಾಜನವೆಂದರೆ ವರ್ತಕರ ಶ್ರೇಣಿ. ನಮ್ಮ ಶಾಸನಗಳ ಮಹಾಜನರು ಅಗ್ರಹಾರದ ಬ್ರಾಹ್ಮಣರು. ಎರಡೂ ಕಡೆ ಮೇಲಿನವರಿಗೆ ಸಲ್ಲುತ್ತಿದ್ದ ಪದ ಕೂಲಿಕಾರನಿಗೆ ಸಂದದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಮಹಾಜನವು ಕಸುಬಿಗೊಂದು ಖಾತೆಗೊಂದು ಎಂಬಂತೆ ಬೇರೆಬೇರೆ ಸಂಘಗಳ ಒಕ್ಕೂಟವಾಗಿತ್ತು. ಕಸುಬು ಜಾತಿಯನ್ನು ಹಿಂಬಾಲಿಸುತ್ತಿದ್ದುದರಿಂದ ನೂಲುವ ದಲಿತರೂ ನೇಯುವವರೂ ಬೇರೆ ಸಂಘಗಳಲ್ಲೇ ಉಳಿದರು. ಜಗಳ ಕಡಿಮೆಯಾಯಿತು, ಗೋಡೆ ಉಳಿಯಿತು.

ಮುಂಬಯಿ ಕನ್ನಡಿಗರಿಗೆ ಗಿರಣಿಗಿಂತ ಹತ್ತಿರದ ಉದಾಹರಣೆ ಹೋಟೆಲು. ದಕ್ಷಿಣ ಕನ್ನಡದಿಂದ ಬಂದ ಹುಡುಗನಿಗೆ ಊರಿನವರದೇ ಹೋಟೆಲಿನಲ್ಲಿ ಕೆಲಸ. ಊಟ, ಮಲಗುವ ಜಾಗ ಅಲ್ಲೇ. ಮಾಲೀಕನಿಗೆ ಅವನು ಹೇಳುತ್ತಿದ್ದುದು ‘ಅಣ್ಣ’ ಎಂದೋ ‘ಮಾವ’ ಎಂದೋ. ರಾತ್ರಿಶಾಲೆಗೆ ಕಳುಹಿಸಿ ಅವನನ್ನು ಮನುಷ್ಯನನ್ನಾಗಿ ಮಾಡಿದ ಮಾಲೀಕರು ಇದ್ದರು. ಆ ಋಣ ಸುಳ್ಳಲ್ಲ. ಆದರೆ ಅಣ್ಣನ ಬಳಿ ಕೂಲಿಯ ಲೆಕ್ಕ ಕೇಳುವುದು, ಕೆಲಸದ ಗಂಟೆಗಳನ್ನು ಎಣಿಸುವುದು ಕೃತಘ್ನತೆಯೆಂದು ತೋರುವಂಥ ಭಾಷೆಯೂ ಅದೇ ಆಗಿತ್ತು. ಜೊತೆಗೆ ಒಂದು ಕಾಲಕ್ಕೆ ಅಡುಗೆಮನೆಗೆ ಒಂದು ಜಾತಿ, ಎಂಜಲು ತಟ್ಟೆ ಎತ್ತಲು ಇನ್ನೊಂದು ಜಾತಿ ಎಂಬ ಏರ್ಪಾಡೂ ಇತ್ತು; ಗಿರಣಿಯ ಮಗ್ಗದ ಖಾತೆ ಇಲ್ಲಿ ಒಲೆಯ ಮುಂದೆ ಕೂತಿತ್ತು. ಮಂಗಳೂರಿನಿಂದ 1949ರಲ್ಲಿ ಮುಂಬಯಿಗೆ ಬಂದ ಜಾರ್ಜ್ ಫರ್ನಾಂಡಿಸ್ ಬಂದರು ಕಾರ್ಮಿಕರ ಮುಂದಾಳು ಪಿ. ಡಿ’ಮೆಲ್ಲೊ ಅವರ ಬಳಿ ಪಳಗಿ, ಟ್ಯಾಕ್ಸಿ ಚಾಲಕರನ್ನೂ ನಗರಸಭೆಯ ನೌಕರರನ್ನೂ ಹೋಟೆಲ್ ಕೆಲಸಗಾರರನ್ನೂ ಸಂಘಟಿಸಿದರು. ಈ ಮೂರರಲ್ಲಿ ಹೋಟೆಲೇ ಕಠಿಣ ಕ್ಷೇತ್ರವೆಂದು ನಾವು ತಿಳಿಯುತ್ತೇವೆ. ನಗರಸಭೆಗೆ ಯಾರೂ ಅಣ್ಣ ಎನ್ನುವುದಿಲ್ಲ.

ಇನ್ನು 1982. ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಬಂದರು. ಅವರ ಜಗಳ ಕೂಲಿಗಾಗಿ ಮಾತ್ರ ಇರಲಿಲ್ಲ. 1946ರ ಮುಂಬಯಿ ಔದ್ಯೋಗಿಕ ಸಂಬಂಧಗಳ ಕಾಯಿದೆಯ ಪ್ರಕಾರ ಒಂದು ಉದ್ಯಮಕ್ಕೆ ಒಂದೇ ಪ್ರಾತಿನಿಧಿಕ ಸಂಘ. ಮಾತುಕತೆಯ ಅಧಿಕಾರ ಅದಕ್ಕೆ ಮಾತ್ರ. ಆ ಸ್ಥಾನ ರಾಷ್ಟ್ರೀಯ ಮಿಲ್ ಮಜದೂರ್ ಸಂಘದ್ದಾಗಿತ್ತು. ಕಾರ್ಮಿಕರು ಯಾರ ಹಿಂದೆ ಬೀದಿಯಲ್ಲಿ ನಿಂತಿದ್ದರೋ ಅವರು ಕಾನೂನಿನ ಕಣ್ಣಿಗೆ ಯಾರೂ ಅಲ್ಲ. 1926ರ ಕಾಯಿದೆ ಸಂಘವನ್ನು ಕಟ್ಟಲು ಬಿಟ್ಟು ಮಾನ್ಯತೆಯ ವಿಷಯದಲ್ಲಿ ಮೌನ ತಳೆದಿತ್ತು. 1946ರದು ಮಾನ್ಯತೆ ಕೊಟ್ಟು ಆಯ್ಕೆಯನ್ನು ಕಸಿದುಕೊಂಡಿತು. ಮುಷ್ಕರವನ್ನು ವಿಧಿವತ್ತಾಗಿ ಹಿಂತೆಗೆದುಕೊಳ್ಳಲಿಲ್ಲ; ಅದು ತಿಂಗಳುಗಳ ಮೇಲೆ ತಿಂಗಳು ಕರಗುತ್ತ ಹೋಯಿತು. ಕೆಲಸ ಕಳೆದುಕೊಂಡ ಸಾವಿರಾರು ಮಂದಿ ಊರಿಗೆ ಮರಳಿದರು. ಮದರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳೂ 1996ರಲ್ಲಿ ಮುಚ್ಚಿದವು.

2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸಂಬಂಧಗಳ ಸಂಹಿತೆಯು 1926ರ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಒಂದು ಉದ್ಯಮದಲ್ಲಿ ಹಲವು ಸಂಘಗಳಿದ್ದಾಗ, ಹಾಜರಿ ಪಟ್ಟಿಯ ಕಾರ್ಮಿಕರಲ್ಲಿ ನೂರಕ್ಕೆ 51 ಮಂದಿಯ ಬೆಂಬಲವುಳ್ಳ ಸಂಘವೇ ಏಕೈಕ ಮಾತುಕತೆಯ ಸಂಘ ಎನ್ನುತ್ತದೆ ಅದು. ಮಾನ್ಯತೆಯ ಹಳೆಯ ಪ್ರಶ್ನೆಗೆ ಇದೊಂದು ಉತ್ತರವೆಂಬುದನ್ನು ಒಪ್ಪೋಣ. ಆದರೆ ಎಣಿಕೆ ನಡೆಯುವುದು ಹಾಜರಿ ಪಟ್ಟಿಯ ಮೇಲೆ. ಕಾರ್ಖಾನೆಯ ನೆಲ ಗುಡಿಸುವವನು, ಚರಂಡಿ ತೆಗೆಯುವವನು ಗುತ್ತಿಗೆದಾರನ ಪಟ್ಟಿಯಲ್ಲಿದ್ದರೆ ಈ ನೂರರಲ್ಲಿ ಅವನು ಬರುವುದಿಲ್ಲ. ಆ ಕೆಲಸಗಳಿಗೆ ಇಂದಿಗೂ ಯಾವ ಕೇರಿಯಿಂದ ಜನ ಬರುತ್ತಾರೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಈ ಚರಿತ್ರೆಯನ್ನು ಕನ್ನಡದ ಕಡೆಯಿಂದ ಬರೆಯಲು ಬೇಕಾದ ಸಾಮಗ್ರಿ ಸರಕಾರದ ದಫ್ತರಗಳಲ್ಲಷ್ಟೇ ಇಲ್ಲ. ಮುಂಬಯಿಯ ಕಾರ್ಮಿಕ ಹೋರಾಟವನ್ನು ವಸ್ತುವಾಗಿಟ್ಟುಕೊಂಡ ವ್ಯಾಸರಾಯ ಬಲ್ಲಾಳರ ‘ಬಂಡಾಯ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1986ರಲ್ಲಿ. ಅದನ್ನು ಕಾದಂಬರಿಯಾಗಿ ಓದಿದವರು ಅನೇಕರು, ದಾಖಲೆಯಾಗಿ ಓದಿದವರು ಕಡಿಮೆ. ರಾತ್ರಿಶಾಲೆಗಳ ಹಾಜರಿ ಪುಸ್ತಕಗಳು, ಜಾತಿಸಂಘಗಳ ವಾರ್ಷಿಕ ವರದಿಗಳು, ಕಾರ್ಮಿಕ ಸಭೆಗಳ ಕರಪತ್ರಗಳು ಹಳೆಯ ಚಾಳುಗಳ ಅಟ್ಟಗಳಿಂದ ರದ್ದಿಯ ಅಂಗಡಿಗೆ ಹೋಗುತ್ತಿವೆ. ಚಾಳುಗಳು ಒಂದೊಂದಾಗಿ ಉರುಳಿ ಗೋಪುರಗಳು ಏಳುತ್ತಿರುವ ಪರೇಲ್, ಲಾಲ್‌ಬಾಗ್‌ಗಳಲ್ಲಿ ಈ ಕೆಲಸಕ್ಕೆ ಹೆಚ್ಚು ಕಾಲ ಉಳಿದಿಲ್ಲ. ಅವನ್ನು ಸಂಗ್ರಹಿಸುವಾಗ ಬರೆದವನ ಹೆಸರಿನ ಜೊತೆಗೆ ಅವನು ದುಡಿಯುತ್ತಿದ್ದ ಖಾತೆ ಯಾವುದೆಂಬುದನ್ನೂ ಗುರುತು ಹಾಕಿಕೊಳ್ಳುವುದು ಅಗತ್ಯ.